ನೀರಿನ ಜಾಡಿನಲ್ಲಿ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಭೂಮಿ ಸಮತಟ್ಟಾದುದೂ ಅಲ್ಲ, ಮಲೆನಾಡಿನಂತೆ ಬೆಟ್ಟಸಾಲುಗಳಿಂದ ಕಡಿದಾದುದೂ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಯು ಸಮುದ್ರಮಟ್ಟದಿಂದ ಸುಮಾರು 700ರಿಂದ 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿಗೆ ಇನ್ನೊಂದು ದಿಣ್ಣೆ ಎಂಬಂತೆ ಹರಡಿಕೊಂಡಿದೆ. ಬಸ್ಸಿನಲ್ಲಿ ಕುಳಿತು ಹೋಗುವವರಿಗೆ ಈ ಏರಿಳಿತ ಗೋಚರಿಸುವುದೇ ಇಲ್ಲ. ಚಾಲಕನು ಗೇರು ಬದಲಿಸಿದಾಗ ಎಂಜಿನ್ನಿನ ದನಿ ತುಸು ಬೇರೆಯಾಗುತ್ತದೆ, ಅಷ್ಟೆ. ಆದರೆ ಬೈಸಿಕಲ್ಲಿನ ಮೇಲೆ ಹೊರಟವನಿಗೆ ಪ್ರತಿಯೊಂದು ದಿಣ್ಣೆಯೂ ಮೊಣಕಾಲಿನಲ್ಲಿ ಲೆಕ್ಕವಾಗುತ್ತದೆ. ನೆಲದ ಆಕಾರವನ್ನು ಕಾಲಿನಿಂದ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಾಣೆ.

1986ರಲ್ಲಿ ನಾನು ಕೃಷ್ಣರಾಜನಗರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಬಂದೆ. ಪಟ್ಟಣದಲ್ಲಿ ಬಿಡಾರ, ಶಾಲೆ ಅಲ್ಲಿಂದ 11 ಕಿಲೋಮೀಟರ್. ಬಸ್ಸುಗಳು ವಿರಳ. ನನ್ನ ತಂದೆಯವರು ಬಳಸಿ ಬಿಟ್ಟಿದ್ದ ಕರಿಯ ಬೈಸಿಕಲ್ಲೊಂದು ಮನೆಯಲ್ಲಿತ್ತು. ಅದರ ಕಾಲದಲ್ಲಿ ಬೈಸಿಕಲ್ಲಿಗೆ ಪುರಸಭೆಯವರು ತೆರಿಗೆ ವಸೂಲು ಮಾಡಿ ಹಿತ್ತಾಳೆಯ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಇರುಳಿನಲ್ಲಿ ದೀಪವಿಲ್ಲದೆ ಹೊರಟರೆ ಪೋಲೀಸಿನವರು ಗಾಲಿಯ ಗಾಳಿ ಬಿಡುತ್ತಿದ್ದರು. ಆ ಬಿಲ್ಲೆ ಹ್ಯಾಂಡಲ್ಲಿನ ಕೆಳಗೆ ಇನ್ನೂ ತೂಗುತ್ತಿತ್ತು. ಅದನ್ನೇರಿ ದಿನವೂ ದೊಡ್ಡ ರಸ್ತೆಯಲ್ಲಿ ಹೋಗಿಬರುವುದು ನನ್ನ ಪರಿಪಾಠವಾಯಿತು.

ಒಂದು ಸಂಜೆ, ಕಬ್ಬು ಕಡಿಯುವ ಕಾಲ, ಹಿಂದಿನಿಂದ ಬಂದ ಲಾರಿಯೊಂದು ನನ್ನ ಮೈಗೆ ತಾಗಲಿಲ್ಲ. ಆದರೆ ಹೊರಗೆ ಚಾಚಿಕೊಂಡಿದ್ದ ಕಬ್ಬಿನ ಜಲ್ಲೆಗಳು ಭುಜಕ್ಕೆ ಬಡಿದುವು. ನಾನೂ ಬೈಸಿಕಲ್ಲೂ ಒಟ್ಟಿಗೆ ರಸ್ತೆಯ ಪಕ್ಕದ ಹಳ್ಳಕ್ಕೆ ಉರುಳಿದೆವು. ಲಾರಿ ನಿಲ್ಲಲಿಲ್ಲ. ಮೊಣಕಾಲಿನ ಚಿಪ್ಪು ಒಡೆದು, ಮುಂದಿನ ಗಾಲಿಯ ಕವೆ ಬಾಗಿ, ಮಕ್ಕಳ ಅರೆವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಕೆಸರಿನಲ್ಲಿ ಹರಡಿ ಹೋದುವು. ಆಗ ಗದ್ದೆಯ ಬದುವಿನಿಂದ ಓಡಿಬಂದು ನನ್ನನ್ನು ಎತ್ತಿದವನು ಆ ಊರಿನ ನೀರುಗಂಟಿ. ನಾಲೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದನ್ನು ನಿರ್ಣಯಿಸಿ, ತೂಬನ್ನು ತೆರೆದು ಮುಚ್ಚುವ ಹೊಣೆ ಹೊತ್ತವನೇ ನೀರುಗಂಟಿ. ಅವನು ಕಾಗದಗಳನ್ನು ಒಂದೊಂದಾಗಿ ಆಯ್ದು ಪಂಚೆಯಲ್ಲಿ ಒರಸುತ್ತ, "ದೊಡ್ಡ ರಸ್ತೆ ನಿಮಗ್ಯಾಕೆ ಮೇಷ್ಟ್ರೆ? ನೀರು ಓಗೋ ದಾರೀಲಿ ಓಗಿ. ನೀರಿಗೆ ದಿಣ್ಣೆ ಅತ್ತೋ ಚಾಳಿ ಇಲ್ಲ" ಎಂದನು.

ಎರಡು ತಿಂಗಳ ಬಳಿಕ ಕುಂಟುತ್ತಲೇ ಶಾಲೆಗೆ ಹೊರಟಾಗ ನಾನು ಅವನ ಮಾತನ್ನು ಪರೀಕ್ಷಿಸಿ ನೋಡಿದೆ. ಈ ಪಾಠದಲ್ಲಿ ನಾನು ಹೇಳಬೇಕೆಂದಿರುವುದು ಅಂದು ತೊಡಗಿ ಇಂದಿನವರೆಗೆ ಆ ಮಾತು ನನ್ನನ್ನು ಕರೆದೊಯ್ದ ದಾರಿಗಳನ್ನು ಕುರಿತು.

ಕೃಷ್ಣರಾಜನಗರದ ಸೀಮೆಯಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಹಿಂದಿನ ಕಾಲದವರು ಕಟ್ಟಿದ ಅಣೆಕಟ್ಟೆಗಳುಂಟು. ಅವು ಕೃಷ್ಣರಾಜಸಾಗರದಂತೆ ನೀರನ್ನು ಬೆಟ್ಟದೆತ್ತರಕ್ಕೆ ನಿಲ್ಲಿಸುವ ಜಲಾಶಯಗಳಲ್ಲ. ಹರಿಯುವ ಹೊಳೆಯನ್ನು ತುಸು ತಡೆದು ಪಕ್ಕಕ್ಕೆ ತಿರುಗಿಸುವ ಕಲ್ಲಿನ ಕಟ್ಟೆಗಳು. ಅವುಗಳಿಂದ ಹೊರಟ ಚಾಮರಾಜ ನಾಲೆ, ಮಿರ್ಲೆ ನಾಲೆ, ರಾಮಸಮುದ್ರ ನಾಲೆ ಮೊದಲಾದುವು ಈ ತಾಲ್ಲೂಕಿಗೆ ಭತ್ತದ ಕಣಜವೆಂಬ ಹೆಸರನ್ನು ತಂದುಕೊಟ್ಟಿವೆ. ನಾಲೆಯನ್ನು ತೋಡಿದವರ ಜಾಣ್ಮೆಯನ್ನು ತಿಳಿಯಬೇಕಾದರೆ ಅದರ ದಂಡೆಯ ಮೇಲೆ ಬೈಸಿಕಲ್ ತುಳಿಯಬೇಕು. ನೀರು ಹರಿಯುವುದಕ್ಕೆ ಇಳಿಜಾರು ಬೇಕು. ಆದರೆ ಇಳಿಜಾರು ಹೆಚ್ಚಾದರೆ ನೀರು ದಂಡೆಯನ್ನು ಕೊರೆಯುತ್ತದೆ. ಅಲ್ಲದೆ ನಾಲೆ ಬೇಗ ಕೆಳಗಿಳಿದುಬಿಟ್ಟರೆ ಅದಕ್ಕಿಂತ ಮೇಲಿರುವ ಭೂಮಿಗೆ ನೀರುಣಿಸುವಂತಿಲ್ಲ. ಆದುದರಿಂದ ನಾಲೆಯು ಸಾವಿರ ಅಡಿ ಸಾಗಿದರೂ ಒಂದು ಅಡಿಯಷ್ಟೂ ಇಳಿಯದಂತೆ, ದಿಣ್ಣೆಯ ಪಕ್ಕೆಯನ್ನು ಒಂದೇ ಮಟ್ಟದಲ್ಲಿ ಬಳಸಿಕೊಂಡು ಹೋಗುತ್ತದೆ. ದಿಣ್ಣೆ ಬಂದರೆ ಸುತ್ತುತ್ತದೆ, ಹಳ್ಳ ಬಂದರೆ ಒಳಗೆ ಬಾಗಿ ಮತ್ತೆ ಹೊರಗೆ ಬರುತ್ತದೆ. ನಾಲೆಯನ್ನು ನೋಡಿಕೊಳ್ಳುವವರು ಓಡಾಡುವುದಕ್ಕೆಂದು ಅದರ ದಂಡೆಯ ಮೇಲೆ ದಾರಿಯೊಂದನ್ನು ಬಿಟ್ಟಿರುತ್ತಾರೆ. ಆ ದಾರಿಯೂ ನೀರಿನಷ್ಟೇ ಮಟ್ಟವಾಗಿರುತ್ತದೆ.

ಇದನ್ನು ನಮ್ಮ ತರಗತಿಯಲ್ಲಿ ಲೆಕ್ಕ ಹಾಕಿ ನೋಡಿದ್ದೆವು. ಸವಾರನ ತೂಕ 60 ಕಿಲೋಗ್ರಾಂ, ಬೈಸಿಕಲ್ಲಿನದು 20 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಿಣ್ಣೆಯಲ್ಲಿ ಈ 80 ಕಿಲೋಗ್ರಾಮಿನ ಇಪ್ಪತ್ತನೆಯ ಒಂದು ಭಾಗ, ಎಂದರೆ 4 ಕಿಲೋಗ್ರಾಂ ಭಾರವು ನಿಮ್ಮನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಸಾವಿರಕ್ಕೆ ಒಂದು ಅಡಿಯ ಏರಿನಲ್ಲಾದರೋ ಆ ಎಳೆತ 80 ಗ್ರಾಂ ಮಾತ್ರ, ಎರಡು ಬಾಳೆಹಣ್ಣಿನಷ್ಟು. ನಮ್ಮ ಕರಿಯ ಬೈಸಿಕಲ್ಲುಗಳಿಗೆ ಗೇರುಗಳಿಲ್ಲ. ಪೆಡಲ್ಲನ್ನು ಒಂದು ಸುತ್ತು ತುಳಿದರೆ ಅದು 5 ಮೀಟರಿಗಿಂತ ತುಸು ಹೆಚ್ಚು ದೂರ ಮುಂದೆ ಹೋಗಲೇಬೇಕು, ಏರಿರಲಿ ಇಳಿಜಾರಿರಲಿ. ಅಂಥ ವಾಹನಕ್ಕೆ ನಾಲೆಯ ದಂಡೆಯೇ ತಕ್ಕ ದಾರಿ. ದೊಡ್ಡ ರಸ್ತೆಯಲ್ಲಿ 11 ಕಿಲೋಮೀಟರ್ ಇದ್ದ ನನ್ನ ಹಾದಿ ನಾಲೆಯ ಮೇಲೆ 15 ಕಿಲೋಮೀಟರ್ ಆಯಿತು. ಆದರೂ ಹೊತ್ತು ಹಿಡಿಯುತ್ತಿದ್ದುದು ಹತ್ತೇ ನಿಮಿಷ ಹೆಚ್ಚು. ಆ ಹತ್ತು ನಿಮಿಷಕ್ಕೆ ಪ್ರತಿಯಾಗಿ ನನಗೆ ದೊರೆತದ್ದು ಮಿಂಚುಳ್ಳಿ, ಬೆಳ್ಳಕ್ಕಿ, ಬಟ್ಟೆ ಒಗೆಯುವ ಸದ್ದು, ಒಂದು ಕಡೆ ತಗ್ಗಿನಲ್ಲಿ ಹಸುರು ಗದ್ದೆ, ಇನ್ನೊಂದು ಕಡೆ ಮೇಲೆ ರಾಗಿ ಹುರುಳಿಗಳ ಹೊಲ. ನಾಲೆಯ ಕೆಳಗಿನವರು ಭತ್ತ ಬೆಳೆಯುತ್ತಾರೆ, ಮೇಲಿನವರು ಮಳೆಯನ್ನು ನಂಬುತ್ತಾರೆ. ಹತ್ತು ಅಡಿಯ ನಾಲೆಯೊಂದು ಎರಡು ಬಗೆಯ ಬದುಕನ್ನು ಬೇರ್ಪಡಿಸುವುದನ್ನು ನಾನು ಕಂಡದ್ದು ಆ ದಂಡೆಯ ಮೇಲಿನಿಂದಲೇ.

ಆದರೆ ನಾಲೆಯ ದಾರಿಯನ್ನು ಹೊಗಳುವಾಗ ಅದರ ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ಅದಕ್ಕೆ ತಡೆಗೋಡೆ ಇರುವುದಿಲ್ಲ. ಮಳೆ ಬಿದ್ದಾಗ ಜೇಡಿಮಣ್ಣು ಎಣ್ಣೆಯಂತೆ ಜಾರುತ್ತದೆ. 2018ರ ನವೆಂಬರಿನಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ದಂಡೆಯ ದಾರಿ ನಿಧಾನವಾಗಿ ಹೋಗುವವರಿಗೆ ಮಾಡಿದ್ದು. ನೀರಿಗೆ ಹತ್ತಿರದ ಅಂಚನ್ನು ಬಿಟ್ಟು, ಗದ್ದೆಯ ಕಡೆಯ ಅಂಚಿನಲ್ಲಿ, ಬೆಳಕಿರುವಾಗ ಮಾತ್ರ ಹೋಗಬೇಕು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಬೇಕು. ನಾನು ಇಳಿಯದೆ ಹೋದದ್ದು ಒಂದೇ ಸಲ. ಅಂದು ನನ್ನ ಚಪ್ಪಲಿಗಳಲ್ಲೊಂದು ಕೃಷ್ಣರಾಜಸಾಗರದ ಕಡೆಗೆ ತೇಲಿಹೋಯಿತು.

ನಮ್ಮ ಶಾಲೆಯ ಭೂಗೋಳದ ಅಧ್ಯಾಪಕರ ಬಳಿ ಸರ್ವೆ ಇಲಾಖೆಯ ಭೂಪಟವೊಂದಿತ್ತು. ನೆಲದ ಮೇಲಿನ ಅರ್ಧ ಕಿಲೋಮೀಟರ್ ಅದರಲ್ಲಿ ಒಂದು ಸೆಂಟಿಮೀಟರ್ ಆಗುತ್ತದೆ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಕಂದುಬಣ್ಣದ ಗೆರೆಗಳನ್ನು 20 ಮೀಟರಿಗೊಂದರಂತೆ ಎಳೆದಿರುತ್ತಾರೆ. ಆ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು. ದೂರದೂರವಾಗಿದ್ದರೆ ನೆಲ ಮಟ್ಟವಾಗಿದೆ ಎಂದರ್ಥ. ನೀಲಿಯ ನಾಲೆ ಕಂದು ಗೆರೆಯ ಜೊತೆಜೊತೆಗೆ, ಅಕ್ಕನ ಕೈ ಹಿಡಿದ ತಂಗಿಯಂತೆ, ಸಾಗುತ್ತಿರುತ್ತದೆ. ಕೆಂಪಿನಲ್ಲಿ ಬರೆದ ದೊಡ್ಡ ರಸ್ತೆಯಾದರೋ ಗೆರೆಗಳನ್ನು ಕತ್ತರಿಸಿಕೊಂಡು ನೇರವಾಗಿ ಹೋಗುತ್ತದೆ. ಎಂಜಿನ್ನಿಗೆ ದಣಿವಿಲ್ಲವಷ್ಟೆ. ಭೂಪಟದಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುವ ಬಂಡಿಯ ಜಾಡುಗಳೂ ಬಹುಮಟ್ಟಿಗೆ ಏರನ್ನು ತಪ್ಪಿಸಿಯೇ ಇರುತ್ತವೆ. ಎತ್ತುಗಳ ದಣಿವನ್ನು ಬಲ್ಲವರು ಅವುಗಳನ್ನು ಮಾಡಿದವರು. ಆ ಭೂಪಟದ ಮೇಲೆ ನಾವಿಬ್ಬರೂ ಎಷ್ಟೋ ಭಾನುವಾರಗಳನ್ನು ಕಳೆದೆವು. ನಾಲೆಯ ದಂಡೆ, ಕೆರೆಯ ಏರಿ, ಬಂಡಿಯ ಜಾಡು, ಈ ಮೂರನ್ನು ಒಂದಕ್ಕೊಂದು ಗಂಟು ಹಾಕಿದರೆ ದೊಡ್ಡ ರಸ್ತೆಯನ್ನು ಅಡ್ಡ ದಾಟುವುದರ ಹೊರತು ಅದರ ಮೇಲೆ ಗಾಲಿಯಿಡದೆ ನಾಲ್ಕು ತಾಲ್ಲೂಕುಗಳನ್ನೂ ಸುತ್ತಿಬರಬಹುದೆಂದು ಅವರು ವಾದಿಸುತ್ತಿದ್ದರು. ಅದನ್ನು ಪರೀಕ್ಷಿಸಲು ನಮಗೆ ಬಿಡುವು ದೊರೆತದ್ದು ನಿವೃತ್ತರಾದ ಮೇಲೆಯೇ.

ಆಷಾಢದ ಒಂದು ಬೆಳಗ್ಗೆ ನಮ್ಮ ಬೈಸಿಕಲ್ಲುಗಳನ್ನು ಸರಕಿನ ಆಟೋ ಒಂದರಲ್ಲಿ ಹೇರಿಕೊಂಡು ಬೈಲುಕುಪ್ಪೆಗೆ ಹೋದೆವು. ಪಶ್ಚಿಮದಿಂದಲೇ ಏಕೆ ಹೊರಡಬೇಕು ಎಂದು ನೀವು ಕೇಳಬಹುದು. ಕೊಡಗಿನ ಕಡೆಯಿಂದ ನೆಲ ಪೂರ್ವಕ್ಕೆ ಇಳಿಯುತ್ತ ಬರುತ್ತದೆ. ಕಾವೇರಿ ಹರಿಯುವುದೂ ಲಕ್ಷ್ಮಣತೀರ್ಥ ಹರಿಯುವುದೂ ಈ ಇಳಿಜಾರನ್ನೇ ಹಿಡಿದು. ಅಲ್ಲದೆ ಆಷಾಢದ ಗಾಳಿ ಬೀಸುವುದು ಪಶ್ಚಿಮದಿಂದ. ಎದುರುಗಾಳಿಯಲ್ಲಿ ಬೈಸಿಕಲ್ ತುಳಿಯುವುದು ಕಾಣದ ದಿಣ್ಣೆಯನ್ನು ಹತ್ತಿದಂತೆ. ಅದಕ್ಕೆ ತುದಿಯೂ ಇಲ್ಲ, ಆಚೆಯ ಇಳಿಜಾರೂ ಇಲ್ಲ. ಅದೇ ಗಾಳಿ ಬೆನ್ನಿಗಿದ್ದರೆ ಅರವತ್ತು ದಾಟಿದವರೂ ಹುಡುಗರಾಗುತ್ತಾರೆ.

ಬೈಲುಕುಪ್ಪೆಯಲ್ಲಿ 1960ರ ಸುಮಾರಿನಿಂದ ಟಿಬೆಟ್ಟಿನ ನಿರಾಶ್ರಿತರು ನೆಲಸಿದ್ದಾರೆ. ಅಲ್ಲಿಗೆ ಬರುವ ಪ್ರವಾಸಿಗರು ಹೆದ್ದಾರಿಯಿಂದ ಕಾರಿನಲ್ಲಿ ನೇರವಾಗಿ ಚಿನ್ನದ ಬಣ್ಣದ ಬುದ್ಧಮೂರ್ತಿಗಳಿರುವ ದೊಡ್ಡ ವಿಹಾರಕ್ಕೆ ಹೋಗಿ ಹಾಗೆಯೇ ಹಿಂದಿರುಗುತ್ತಾರೆ. ಮೆಕ್ಕೆಜೋಳದ ಹೊಲಗಳ ನಡುವಿನ ದಾರಿಗಳನ್ನು ಅವರು ಕಾಣುವುದಿಲ್ಲ. ಕೈಯಲ್ಲಿ ಜಪಮಣಿ ಹಿಡಿದ ಮುದುಕಿಯೊಬ್ಬಳು ನಮ್ಮನ್ನು ತಡೆದು, ಈ ಸೀಮೆಯ ಕನ್ನಡದಲ್ಲಿಯೇ "ಎತ್ಲಾಗೆ ಹೊರಟ್ರಿ?" ಎಂದು ಕೇಳಿದಳು. ಬೆಟ್ಟದಪುರಕ್ಕೆ ಎಂದೆವು. ಆಕೆ ನಕ್ಕು, ನಮ್ಮ ನರೆತ ತಲೆಗಳನ್ನೂ ಬೈಸಿಕಲ್ಲುಗಳನ್ನೂ ಒಮ್ಮೆ ನೋಡಿ, ಎರಡು ದಾರಿಗಳಲ್ಲಿ ಏರು ಕಡಿಮೆಯಿರುವುದನ್ನು ಬೆರಳಿನಿಂದ ತೋರಿಸಿದಳು. ಭೂಪಟ ಹೇಳಿದುದಕ್ಕೂ ಆಕೆ ಹೇಳಿದುದಕ್ಕೂ ವ್ಯತ್ಯಾಸವಿತ್ತು. ಆಕೆಯೇ ಸರಿ.

ಅಲ್ಲಿಂದ ಮುಂದೆ ಹೊಗೆಸೊಪ್ಪಿನ ನಾಡು. ಪಿರಿಯಾಪಟ್ಟಣ, ಹುಣಸೂರುಗಳ ಕೆಂಪು ನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಮುಂಗಾರಿನಲ್ಲಿ ನೆಡುತ್ತಾರೆ. ಆಷಾಢ ಶ್ರಾವಣಗಳಲ್ಲಿ ಬಲಿತ ಎಲೆಗಳನ್ನು ಕೆಳಗಿನಿಂದ ಒಂದೊಂದಾಗಿ ಮುರಿದು, ಕೋಲುಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರವಾದ ಕಿಟಕಿಯಿಲ್ಲದ ಮನೆಗಳಲ್ಲಿ ತೂಗುಹಾಕಿ, ಸೌದೆಯ ಕಾವಿನಿಂದ ಹದಮಾಡುತ್ತಾರೆ. ಮಳೆಯ ಜಿನುಗಿನಲ್ಲಿ ಆ ಸಿಹಿಯಾದ, ತಲೆ ಹಿಡಿಯುವಂಥ ವಾಸನೆ ಊರಿಗಿಂತ ಅರ್ಧ ಮೈಲಿ ಮುಂಚೆಯೇ ಎದುರಾಗುತ್ತದೆ. ಪ್ರತಿಯೊಂದು ಬ್ಯಾರನ್ನಿನ ಮುಂದೆಯೂ ಸೌದೆಯ ರಾಶಿ. ಒಳದಾರಿಗಳಲ್ಲಿ ಹೋಗುವಾಗ ನೆರಳು ಏಕೆ ಇಷ್ಟು ವಿರಳವಾಗಿದೆ ಎಂಬ ಪ್ರಶ್ನೆಗೆ ಆ ರಾಶಿಗಳಲ್ಲಿ ಒಂದು ಉತ್ತರವಿದೆ. ಆ ಬೆಳೆಯಿಂದಲೇ ಇಲ್ಲಿ ಎಷ್ಟೋ ಮಕ್ಕಳ ಶಾಲೆಯ ಖರ್ಚು ನಡೆದಿದೆ ಎಂಬುದನ್ನೂ ನಾನು ಬಲ್ಲೆ. ನೋಡಿದುದನ್ನು ಹೇಳಿದೆ, ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ.

ಬೆಟ್ಟದಪುರದ ಬೆಟ್ಟ ಈ ಸೀಮೆಯ ದಿಕ್ಸೂಚಿ. ಸುತ್ತಲಿನ ಅಲೆಯಲೆಯ ನೆಲದಿಂದ ಅದು ಒಂಟಿಯಾಗಿ ಮೇಲೆದ್ದು, ರಾಗಿಯ ರಾಶಿಯಂತೆ ಕಾಣುತ್ತದೆ. ನೆತ್ತಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ. ಒಳದಾರಿಗಳಲ್ಲಿ ಕೈಮರಗಳಿರುವುದಿಲ್ಲ, ಕವಲು ಬಂದಾಗಲೆಲ್ಲ ಬೆಟ್ಟ ಎಲ್ಲಿದೆ ಎಂದು ನೋಡಿ ಮುಂದುವರಿದೆವು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ದೇಶವನ್ನು ಸುತ್ತುತ್ತ ಬೆಟ್ಟದಪುರ ಪಿರಿಯಾಪಟ್ಟಣಗಳ ಮೂಲಕ ಹಾದುಹೋದನು. ಆ ಕಾಲದಲ್ಲಿ ಈಗಿನಂಥ ಹೆದ್ದಾರಿಯೇ ಇರಲಿಲ್ಲ. ಅಂದರೆ ಅವನು ನಡೆದ ದಾರಿಗಳೂ ನಾವು ಹುಡುಕುತ್ತಿದ್ದ ಜಾತಿಯವೇ: ಊರಿನಿಂದ ಊರಿಗೆ, ಕೆರೆಯಿಂದ ಕೆರೆಗೆ.

ಕೆರೆಯ ಏರಿಯ ವಿಚಾರ ಒಂದು ಮಾತು. ಎರಡು ದಿಣ್ಣೆಗಳ ನಡುವಣ ತಗ್ಗನ್ನು ದಾಟಬೇಕಾದರೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏರಬೇಕಷ್ಟೆ. ಆ ತಗ್ಗಿಗೆ ಅಡ್ಡಲಾಗಿ ಹಿಂದಿನವರು ಕೆರೆ ಕಟ್ಟಿದ್ದಾರೆ. ಏರಿಯ ಮೇಲೆ ಹೋದರೆ ಇಳಿಯುವ ಕೆಲಸವೂ ಉಳಿಯಿತು, ಏರುವ ಕೆಲಸವೂ ಉಳಿಯಿತು. ಕೆರೆ ಕಟ್ಟಿದವರು ಬೈಸಿಕಲ್ಲನ್ನು ಕನಸಿನಲ್ಲಿಯೂ ಕಂಡವರಲ್ಲ. ಆದರೂ ಅವರು ನಮಗೆ ಸೇತುವೆ ಕಟ್ಟಿಕೊಟ್ಟು ಹೋದರು. ಒಂದು ತೊಂದರೆಯೆಂದರೆ ಕೋಡಿ. ಕೆರೆ ತುಂಬಿದ ವರ್ಷ ಏರಿಯ ತುದಿಯಲ್ಲಿ ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ದಾಟುವುದಕ್ಕೆ ಬೈಸಿಕಲ್ಲನ್ನು ಹೆಗಲಿಗೇರಿಸಬೇಕು. ಒಂದು ಕಡೆ ನಾವು ಹಾಗೆ ಮಾಡಲು ಹೊರಟಾಗ ಎಮ್ಮೆ ಮೇಯಿಸುತ್ತಿದ್ದ ಹುಡುಗನೊಬ್ಬ ಎರಡನ್ನೂ ಒಂದೊಂದಾಗಿ ದಾಟಿಸಿ, ಕೂಲಿಯನ್ನು ಒಲ್ಲೆನೆಂದು, ಅದರ ಬದಲು ನನ್ನ ಬೈಸಿಕಲ್ಲಿನ ಮೇಲೆ ಏರಿಯುದ್ದಕ್ಕೂ ಒಮ್ಮೆ ಹೋಗಿಬಂದ.

ಚುಂಚನಕಟ್ಟೆಯನ್ನು ಸೇರಿದಾಗ ಸಂಜೆ. ಕಾವೇರಿ ಅಲ್ಲಿ ಬಂಡೆಗಳ ನಡುವೆ ಕವಲೊಡೆದು ಸುಮಾರು 20 ಮೀಟರ್ ಎತ್ತರದಿಂದ ಧುಮುಕುತ್ತದೆ. ಅಷ್ಟು ಹೊತ್ತೂ ಸದ್ದಿಲ್ಲದ ನೀರಿನ ಪಕ್ಕದಲ್ಲಿ ಬಂದ ನಮಗೆ ಆ ಮೊರೆತ ಬೇರೊಂದು ನದಿಯದೆಂಬಂತೆ ಕೇಳಿಸಿತು. ದಡದಲ್ಲಿಯೇ ಕೋದಂಡರಾಮನ ದೇಗುಲವಿದೆ. ಗರ್ಭಗುಡಿಯ ಬಳಿ ನಿಂತರೆ ಜಲಪಾತದ ಸದ್ದು ಕಿವಿಗೆ ಬೀಳುವುದಿಲ್ಲವೆಂದು ಜನ ಹೇಳುತ್ತಾರೆ. ನಾವೂ ನಿಂತು ಆಲಿಸಿದೆವು. ನನ್ನ ಗೆಳೆಯರಿಗೆ ಕೇಳಿಸಲಿಲ್ಲವಂತೆ. ನನಗೆ ದಣಿದ ಕಿವಿಯಲ್ಲಿ ಸರಪಳಿಯ ಕಿರಕಿರ ಇನ್ನೂ ಕೇಳಿಸುತ್ತಿತ್ತು. ಆದುದರಿಂದ ನನ್ನ ಸಾಕ್ಷ್ಯವನ್ನು ಲೆಕ್ಕಕ್ಕೆ ಹಿಡಿಯಬಾರದು. ಮರುದಿನ ನಾಲೆಯ ದಂಡೆಯನ್ನು ಹಿಡಿದು ಕೃಷ್ಣರಾಜನಗರಕ್ಕೂ, ಅಲ್ಲಿಂದ ಹಳ್ಳಿದಾರಿಗಳಲ್ಲಿ ಹುಣಸೂರಿಗೂ ಬಂದೆವು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ನಿಮ್ಮ ಸಾಹಿತ್ಯ ಚರಿತ್ರೆಯಲ್ಲಿ ಬರುವ ಹೆಸರು. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸನು ಅಲ್ಲಿಯ ಪ್ರಭುವಾಗಿದ್ದು, ಕಾವ್ಯಗಳ ಜೊತೆಗೆ ಅಡುಗೆಯನ್ನು ಕುರಿತ ಸೂಪಶಾಸ್ತ್ರವನ್ನೂ ಬರೆದನು. ಬೈಸಿಕಲ್ ತುಳಿದು ಹಸಿದವನಿಗೆ ಇಂಥ ಕವಿಯ ನೆನಪು ಬರುವುದು ಸಹಜ.

ದಕ್ಷಿಣಕ್ಕೆ, ಹೆಗ್ಗಡದೇವನಕೋಟೆಯ ಕಡೆಗೆ, ಮೌನದ ಬಗೆಯೇ ಬೇರೆಯಾಗುತ್ತದೆ. ಈಗ ಬೇರೆ ತಾಲ್ಲೂಕಾಗಿರುವ ಸರಗೂರನ್ನೂ ಸೇರಿಸಿಕೊಂಡರೆ ಆ ಸೀಮೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿವೆ. ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣವಾಯಿತು. ಕಾಕನಕೋಟೆಯ ಕಾಡಿನ ಭಾಗವೂ ಅದರ ಹಿನ್ನೀರಿನಲ್ಲಿ ಮುಳುಗಿತು. ಕಾಡಾನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುವ ಖೆಡ್ಡಾ ಅಲ್ಲಿ ಕಡೆಯ ಸಲ ನಡೆದದ್ದು 1971ರಲ್ಲಿ. ಮಾಸ್ತಿಯವರ ನಾಟಕದಿಂದ ಆ ಹೆಸರನ್ನು ನೀವು ಕೇಳಿರಬಹುದು. ಇಲ್ಲಿಯ ನಾಲೆಯ ದಾರಿಗಳೂ ಮಟ್ಟವಾದುವೇ, ವಾಹನಗಳೂ ಇಲ್ಲ. ಆದರೆ ಪಶ್ಚಿಮಕ್ಕೆ ಹೋದಂತೆಲ್ಲ ಹೊಲಗಳ ಅಂಚಿನಲ್ಲಿ ಕಂದಕಗಳೂ ರೈತರು ಕಾವಲಿಗೆ ಕಟ್ಟಿದ ಅಟ್ಟಣೆಗಳೂ ಕಾಣತೊಡಗುತ್ತವೆ. ಮಟ್ಟವಾದ ದಾರಿಯನ್ನೂ ನೀರಿನ ಅಂಚನ್ನೂ ಆನೆಯೂ ಇಷ್ಟಪಡುತ್ತದೆ. ದಿಣ್ಣೆಯನ್ನು ಬಳಸಿ ಹೋಗುವ ಉಪಾಯ ಮನುಷ್ಯನಿಗಿಂತ ಮೊದಲು ಅದಕ್ಕೆ ತಿಳಿದಿತ್ತು. ಬಂಡಿಯ ಜಾಡಿನ ನಡುವೆ ಆಗಷ್ಟೆ ಬಿದ್ದ ಲದ್ದಿಯನ್ನು ಕಂಡು ನನ್ನ ಗೆಳೆಯರು ಭೂಪಟವನ್ನು ಮಡಿಸಿದರು. ಸಂಜೆ ನಾಲ್ಕು ಗಂಟೆ. ಮುಂದೆ ಇನ್ನೂ ಆರು ಕಿಲೋಮೀಟರ್ ಒಳ್ಳೆಯ ದಾರಿ ಇತ್ತು. ನಾವು ಹಿಂದಿರುಗಿ ಬಸ್ಸು ಓಡಾಡುವ ರಸ್ತೆಗೆ ಬಂದೆವು. ದೊಡ್ಡ ರಸ್ತೆಯ ಮೇಲೆ ಗಾಲಿಯಿಡದೆ ನಾಲ್ಕು ತಾಲ್ಲೂಕುಗಳನ್ನು ಸುತ್ತಬಹುದೆಂಬ ಅವರ ವಾದ ಅಲ್ಲಿಗೆ ಮುಗಿಯಿತು. ಅವರು ಅದನ್ನು ಒಪ್ಪಿಕೊಂಡದ್ದು ಮಾತ್ರ ಹುಣಸೂರಿನಲ್ಲಿ ಎರಡು ಲೋಟ ಕಾಫಿಯ ಅನಂತರ.

ಸದ್ದಿಲ್ಲದ ದಾರಿಗಳನ್ನು ಹುಡುಕುವ ಹುಚ್ಚು ನಮ್ಮಿಬ್ಬರಿಗೆ ಮಾತ್ರ ಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಬೈಸಿಕಲ್ ಪ್ರವಾಸಿಗರ ಸಂಘವೊಂದು 1878ರಲ್ಲಿಯೇ ಹುಟ್ಟಿತು. ಇಂದಿನ ರೂಪದ ಸರಪಳಿಯ ಬೈಸಿಕಲ್ಲು ಬಳಕೆಗೆ ಬಂದುದು 1885ರ ಬಳಿಕ, ಗಾಳಿ ತುಂಬಿದ ಟೈರು ಬಂದುದು 1888ರಲ್ಲಿ. ಅಂದರೆ ಆ ಮೊದಲಿಗರು ಆಳೆತ್ತರದ ಗಾಲಿಯ ಮೇಲೆ, ಗಟ್ಟಿ ರಬ್ಬರಿನ ಪಟ್ಟಿಯ ಮೇಲೆ, ಗುಡ್ಡಗಾಡಿನ ದಾರಿಗಳಿಗೆ ಇಳಿದವರು. ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ನಿಲ್ಲಿಸಿದವರೂ ಅವರೇ. ಕಳೆದ ಶತಮಾನದ ಎಪ್ಪತ್ತರ ದಶಕದ ಕೊನೆಗೆ ಬ್ರಿಸ್ಟಲ್ ನಗರದ ಕೆಲವರು, ರೈಲು ನಿಂತುಹೋದ ಹಳೆಯ ರೈಲುದಾರಿಯನ್ನು ಬೈಸಿಕಲ್ಲಿನ ದಾರಿಯಾಗಿ ಮಾಡಲು ತೊಡಗಿದರು. ರೈಲಿಗೂ ದಿಣ್ಣೆ ಹತ್ತುವ ಚಾಳಿ ಇಲ್ಲವೆಂಬುದನ್ನು ಗಮನಿಸಿ; ನಮ್ಮ ನೀರುಗಂಟಿಯ ಸೂತ್ರವೇ ಅಲ್ಲಿಯೂ ಕೆಲಸ ಮಾಡಿತು. ಆದರೆ ಡೆವನ್, ಯಾರ್ಕ್‌ಷೈರ್ ಮೊದಲಾದ ಸೀಮೆಗಳ ಬೇಲಿಸಾಲಿನ ಹಳ್ಳಿದಾರಿಗಳು ಹಾಗಲ್ಲ. ಅವು ಕಣಿವೆಗೆ ನೇರವಾಗಿ ಧುಮುಕಿ ನೇರವಾಗಿ ಏರುತ್ತವೆ. ಅಲ್ಲಿ ಸದ್ದಿಲ್ಲದ ದಾರಿ ಬೇಕಾದರೆ ಏರಿನ ಬೆಲೆ ತೆರಬೇಕು. ನಮ್ಮಲ್ಲಿ ಸದ್ದಿಲ್ಲದ ದಾರಿಯೇ ಮಟ್ಟವಾದ ದಾರಿ. ಇದು ನಮ್ಮ ಕೆರೆ ಕಾಲುವೆಗಳು ಕೊಟ್ಟ ಸೌಲಭ್ಯ.

ಅಲ್ಲಿಯವರಿಗೆ ಇದು ಬಹುಪಾಲು ರಜೆಯ ವಿನೋದ. ನಮ್ಮಲ್ಲಿ ಇದರ ಪಾಡೇ ಬೇರೆ. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಆರಂಭಿಸಿತು. ನಮ್ಮ ಶಾಲೆಯ ಅಂಗಳದಲ್ಲಿ ಹೊಸ ಬೈಸಿಕಲ್ಲುಗಳು ಸಾಲಾಗಿ ನಿಂತ ದಿನ ಹಬ್ಬದಂತಿತ್ತು. ಎರಡು ವರ್ಷ ಕಳೆದ ಮೇಲೆ, 2008ರ ಜೂನ್ ತಿಂಗಳಿನಲ್ಲಿ, ಒಂಬತ್ತನೆಯ ತರಗತಿಯ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಆರು ಕಿಲೋಮೀಟರ್ ಆಚೆಯ ಊರಿನ ಹುಡುಗಿ. ಹಳಗನ್ನಡದ ಪದ್ಯವನ್ನು ತಪ್ಪಿಲ್ಲದೆ ಓದುತ್ತಿದ್ದವಳು. ನಾನು ಅವಳ ಮನೆಗೆ ಹೋದೆ. ಬೈಸಿಕಲ್ಲು ಜಗುಲಿಯ ಮೇಲೆ ಗೋಣಿಚೀಲ ಹೊದ್ದು ನಿಂತಿತ್ತು. ಅವಳ ತಂದೆ ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಆ ರಸ್ತೇಲಿ ನೀವೇ ಬಿದ್ದೋರು ಮೇಷ್ಟ್ರೆ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮುಂದಿನ ಮೂರು ಶನಿವಾರ ಮಧ್ಯಾಹ್ನ ಇಡೀ ತರಗತಿ ಭೂಪಟ ಹಿಡಿದು ಹೊರಟಿತು. ನಾಲೆಯ ದಂಡೆ ಮೂರು ಕಿಲೋಮೀಟರ್, ಕೆರೆಯ ಏರಿ ಒಂದು, ಆಮೇಲೆ ಬಂಡಿಯ ಜಾಡು ಮೂರೂವರೆ. ಒಟ್ಟು ಏಳೂವರೆ ಕಿಲೋಮೀಟರ್; ದೊಡ್ಡ ರಸ್ತೆಯನ್ನು ಒಂದೇ ಕಡೆ, ಎರಡೂ ಬದಿ ದೂರದವರೆಗೆ ಕಾಣುವಲ್ಲಿ, ಅಡ್ಡ ದಾಟಿದರೆ ಸಾಕು. ತೊಡಕಾದುದು ಒಂದು ಹಳ್ಳ. ಅದರ ಮೇಲಿನ ಮೋರಿ ಯಾವುದೋ ಮಳೆಗಾಲದಲ್ಲಿ ಕೊಚ್ಚಿಹೋಗಿ ಕಲ್ಲುಗಳು ಮಾತ್ರ ಉಳಿದಿದ್ದುವು. ಅರ್ಜಿ ಬರೆಯುವುದನ್ನು ಮಕ್ಕಳಿಗೆ ಪಾಠವಾಗಿ ಕಲಿಸುತ್ತೇವಲ್ಲ. ಆ ವರ್ಷ ಅವರು ನಿಜವಾದ ಅರ್ಜಿಯನ್ನೇ ಬರೆದರು. ಉತ್ತರ ಬರುವುದಕ್ಕೆ ಮುಂಚೆ ಆ ಊರಿನವರು ಎರಡು ತೆಂಗಿನ ಮರಗಳ ಬೊಡ್ಡೆಗಳನ್ನು ತಂದು ಅಡ್ಡ ಹಾಕಿ ಮೇಲೆ ಮಣ್ಣು ತುಂಬಿದರು. ಆಗಸ್ಟ್ ತಿಂಗಳಿನಲ್ಲಿ ಆ ಹುಡುಗಿ ಶಾಲೆಗೆ ಬಂದಳು. ಜೊತೆಗೆ, ಅದೇ ದಾರಿಯಲ್ಲಿ, ಅವಳ ಊರಿನ ಇನ್ನೂ ನಾಲ್ವರು. ಕೆಲವು ವರ್ಷಗಳ ಮೇಲೆ ಬೊಡ್ಡೆಗಳ ಬದಲಿಗೆ ಕಾಂಕ್ರೀಟಿನ ಹಲಗೆ ಬಂತು. ಈಚೆಗೆ ನಾಲೆಯ ದಂಡೆಯ ಒಂದು ಭಾಗಕ್ಕೆ ಡಾಂಬರು ಹಾಕುವ ಮಾತು ನಡೆದಿದೆ. ಡಾಂಬರು ಬಂದರೆ ಗಾಲಿಗೆ ಸುಖ. ಆದರೆ ಅದರ ಹಿಂದೆಯೇ ಲಾರಿಯೂ ಬರುತ್ತದೆಯೋ ಎಂಬ ಅಂಜಿಕೆ ನನಗಿದೆ.

ಕಳೆದ ಶ್ರಾವಣದಲ್ಲಿ ಮತ್ತೆ ಆ ಕಡೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬಂಡಿಯ ಜಾಡಿನ ಹಸಿಮಣ್ಣಿನಲ್ಲಿ ಬೈಸಿಕಲ್ಲಿನ ಗೆರೆಗಳು ಮೂಡಿದ್ದುವು; ಇಳಿದು ಎಣಿಸಿದೆ, ಒಂಬತ್ತು. ಹಳ್ಳದ ಮೇಲಿನ ಹಲಗೆಗೆ ಇಂದಿಗೂ ಕೈಪಿಡಿ ಇಲ್ಲ. ಅದಕ್ಕೆ ಹತ್ತು ಹೆಜ್ಜೆ ಈಚೆಗೆ ಗೆರೆಗಳ ಪಕ್ಕದಲ್ಲಿ ಚಪ್ಪಲಿಯ ಗುರುತುಗಳು ತೊಡಗಿ, ಹತ್ತು ಹೆಜ್ಜೆ ಆಚೆಗೆ ನಿಂತಿದ್ದುವು. ನಾನೂ ಬೈಸಿಕಲ್ಲನ್ನು ತಳ್ಳಿಕೊಂಡು ದಾಟಿದೆ.